ಒಂದು ಗಿಡಕ್ಕೆ ಒಬ್ಬರು

ನಮ್ಮ ಊರಲ್ಲಿ ತಲೆಗೆ ಹಚ್ಚುವ ಎಣ್ಣೆಯನ್ನು ಯಾರೂ ಬದಲಿಸುವುದಿಲ್ಲ. ಮದುವೆಯಾಗಿ ಬಂದ ಸೊಸೆ ತವರಿನಿಂದ ಯಾವ ಎಣ್ಣೆ ತಂದಳೋ ಅದನ್ನೇ ಕೊನೆತನಕ ಹಚ್ಚಿಕೊಳ್ಳುತ್ತಾಳೆ, ಅತ್ತೆ ಎಷ್ಟೇ ಮೂಗು ಮುರಿಯಲಿ. ಬೀಡಿ ಸೇದುವವರು ಒಂದೇ ಮಾರ್ಕಿಗೆ ಅಂಟಿಕೊಂಡಿರುತ್ತಾರೆ. ಹೊರಗಿನವನೊಬ್ಬ ಸಂತೆಗೆ ಹೊಸ ಘಮದ ಸೋಪು ತಂದು ಗಂಟಲು ಹರಿಯುವಂತೆ ಕೂಗಿದರೆ ಮಕ್ಕಳು ಮಾತ್ರ ಹೋಗಿ ನೋಡಿ ಬರುತ್ತಾರೆ. ನಾಳೆ ಸತ್ತ ಮೇಲೆ ಗುರುತು ಸಿಗಬೇಕಲ್ಲ ಎಂಬುದು ದೊಡ್ಡವರ ಚಿಂತೆ.

ಊರಿನ ಮೇಲಿನ ಗುಡ್ಡಗಳ ತುಂಬ ಪೈನ್ ಮರಗಳು. ಎಲೆ ಸೂಜಿಯಂತಿರುವುದರಿಂದ ನಾವು ಸೂಜಿಗಿಡ ಅನ್ನುತ್ತೇವೆ. ಅವುಗಳ ಬೇರಿನ ತೊಗಟೆ ತಿಂದು ಬದುಕುವ ಒಂದು ಕರಿಹುಳ ಇದೆ, ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು. ಅದು ಮಣ್ಣಿನೊಳಗೇ ಬೇರಿನಿಂದ ಬೇರಿಗೆ ಹೋಗುತ್ತದೆ, ಹೋಗುವಾಗ ಮೈಗಂಟಿದ ಬೂಷ್ಟನ್ನೂ ಒಯ್ಯುತ್ತದೆ. ಬೂಷ್ಟು ಹತ್ತಿದ ಬೇರು ಒಳಗೊಳಗೇ ಮಸಿ ಹಿಡಿದಂತೆ ಕಪ್ಪಾಗುತ್ತದೆ. ಮರಕ್ಕೆ ನೀರು ಏರುವುದು ನಿಲ್ಲುತ್ತದೆ. ವರ್ಷವೋ ಎರಡು ವರ್ಷವೋ ಕಳೆದು ಮರ ನಿಂತಲ್ಲೇ ಒಣಗುತ್ತದೆ. ಒಣಗುವುದಕ್ಕೆ ಮುಂಚೆ ಅದರ ಬುಡದಿಂದ, ಸತ್ತುಹೋದ ಯಾರಾದರೊಬ್ಬರ ವಾಸನೆ ಬರತೊಡಗುತ್ತದೆ.

ಹಾಗೆ ವಾಸನೆ ಸಿಕ್ಕಾಗ ನಮ್ಮವರು ‘ಬಂದರು’ ಎನ್ನುತ್ತಾರೆ. “ನಮ್ಮವ್ವ ಬಂದಾಳ, ಕೆರಿ ಮ್ಯಾಲಿನ ಗಿಡಕ್ಕ” ಎಂದು ಮಗಳು ಬೀದಿಯಲ್ಲಿ ಹೇಳುತ್ತ ಹೋದರೆ ಅವಳ ಅಣ್ಣತಮ್ಮಂದಿರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಹೋಗುವ ಮುಂಚೆ ಬರೀ ನೀರಿನಲ್ಲಿ ಸ್ನಾನ ಮಾಡಬೇಕು. ಹೂ ಮುಡಿಯುವಂತಿಲ್ಲ, ಎಲೆಅಡಿಕೆ ಹಾಕುವಂತಿಲ್ಲ. ಬುಡದಲ್ಲಿ ಕೂತು ಊರ ಸುದ್ದಿಯನ್ನೆಲ್ಲ ಹೇಳುತ್ತಾರೆ. ಕೆಲವರು ಅರ್ಧಕ್ಕೆ ನಿಂತ ಜಗಳವನ್ನೂ ಮುಂದುವರಿಸುತ್ತಾರೆ. ದೂರದ ಊರಿನಲ್ಲಿ ಸತ್ತವರು ಬರುವುದೂ ಇಲ್ಲಿಗೇ. ಹೊರಗೆ ಹೋಗಿ ಸುದ್ದಿಯಿಲ್ಲದವರು ಮರಕ್ಕೆ ಬಂದರೆಂದರೆ ತೀರಿಕೊಂಡರೆಂದೇ ಅರ್ಥ, ಬೇರೆ ಪುರಾವೆ ಯಾರೂ ಕೇಳುವುದಿಲ್ಲ. ಅವತ್ತೇ ಹೆಂಡತಿಯ ಬಳೆ ಒಡೆಯುತ್ತಾರೆ.

ತಪ್ಪುಗಳೂ ಆಗುತ್ತವೆ. ಕ್ಷೌರದಂಗಡಿಯ ಗದಿಗೆಪ್ಪ ಸತ್ತು ಮರಕ್ಕೆ ಬಂದ ವರ್ಷ ಊರಿನ ಅರ್ಧ ವಿಧವೆಯರು ತಮ್ಮ ತಮ್ಮ ಗಂಡನೇ ಬಂದನೆಂದು ಹೋಗಿ ಅಲ್ಲಿ ಅತ್ತರು. ಅವರ ಗಂಡಂದಿರ ಮುಖಕ್ಕೆಲ್ಲ ಸೋಪು ಬಳಿದವನು ಅವನೇ ತಾನೆ! ಕೊನೆಗೆ ಗದಿಗೆಪ್ಪನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದು ಎಲ್ಲರನ್ನೂ ಎಬ್ಬಿಸಿ ಕಳಿಸಬೇಕಾಯಿತು. ಇಂಥ ಗೊಂದಲ ಬಂದಾಗಲೆಲ್ಲ ಹಿರಿಯರು ಹೇಳುವ ಮಾತೊಂದಿದೆ: ಒಂದು ಗಿಡಕ್ಕೆ ಒಬ್ಬರು. ಗಂಡಹೆಂಡಿರೇ ಆದರೂ ಎರಡು ಮರ ಬೇಕು. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಮಾತಾದ್ದರಿಂದ ಯಾರೂ ಅದರ ಬಗ್ಗೆ ಯೋಚಿಸಲು ಹೋಗುವುದಿಲ್ಲ.

ಬಂದವರನ್ನು ಇಟ್ಟುಕೊಳ್ಳಲು ಗಡುವು ಇದೆ. ಮರದ ಸೂಜಿ ಕೆಂಪಾಗುವ ತನಕ ಮಾತ್ರ. ಕೆಂಪಾದ ಮೇಲೆ ಹುಳ ಆ ಬೇರು ಬಿಟ್ಟು ಪಕ್ಕದ ಬೇರಿಗೆ ಹೊರಡುತ್ತದೆ. ಅಷ್ಟರೊಳಗೆ ಮರದ ಸುತ್ತ ಎದೆಯಾಳದ ಅಗಳು ತೋಡಿ ಬೇರುಗಳ ನಂಟನ್ನೆಲ್ಲ ಕಡಿದುಬಿಡಬೇಕು. ಇಲ್ಲದಿದ್ದರೆ ರೋಗ ಗುಡ್ಡ ಹತ್ತುತ್ತದೆ. ಇಡೀ ಗುಡ್ಡ ಬೋಳಾದರೆ ಮುಂದೆ ಸಾಯುವವರು ಎಲ್ಲಿಗೆ ಬರಬೇಕು? ಅಗಳಿನ ಎರಡೂ ತುದಿ ಕೂಡಿ ಕೊನೆಯ ಬೇರು ಕಡಿದಾಗ ವಾಸನೆ ನಿಲ್ಲುತ್ತದೆ. ಮನೆಯವರು ಕಣ್ಣೊರೆಸಿಕೊಂಡು ‘ಕಳಿಸಿ ಬಂದ್ವಿ’ ಎನ್ನುತ್ತಾರೆ.

ಆ ಅಗಳು ತೋಡುವವನು ನಾನು. ಹೆಸರು ಯಮನಪ್ಪ. ಹೆಸರಿಗೆ ತಕ್ಕ ಕೆಲಸ ಎಂದು ಊರು ನಕ್ಕು ಮುಗಿಸಿ ಬಹಳ ಕಾಲವಾಯಿತು. ನನಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದವನು ಒಳ್ಳೆಯವನು, ಅದೇ ಅವನ ತೊಂದರೆ. ಗುದ್ದಲಿ ಎತ್ತಿದಾಗ ಬುಡದಿಂದ ಎಳೆಕೂಸಿನ ವಾಸನೆ ಬಂದರೆ ಗುದ್ದಲಿ ಕೆಳಗಿಟ್ಟು ಅವನೂ ತಾಯಿಯ ಪಕ್ಕ ಅಳುತ್ತ ಕೂರುತ್ತಿದ್ದ. ಹೀಗಾಗಿ ಊರಿನವರು ಮೂಗಿಲ್ಲದವನನ್ನು ಹುಡುಕಿದರು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ನನ್ನ ಪಾಲಿನ ವಾಸನೆಯನ್ನೆಲ್ಲ ತೆಗೆದುಕೊಂಡು ಹೋಗಿತ್ತು. ಮೂಗು ಇದೆ, ನೆಗಡಿ ಬರುತ್ತದೆ, ಸಿಟ್ಟಂತೂ ಅದರ ತುದಿಯಲ್ಲೇ ಇರುತ್ತದೆ. ಒಳಗೆ ಮಾತ್ರ ಯಾರೂ ಇಲ್ಲ. ಬೆಲ್ಲ ಕುದಿಯುವ ಆಲೆಮನೆಯೂ ನನಗೆ ಒಂದೇ, ಸತ್ತ ಇಲಿಯೂ ಒಂದೇ.

ಹಾಗಂತ ವಾಸನೆಯ ಲೋಕವೇ ನನಗೆ ಗೊತ್ತಿಲ್ಲ ಎಂದಲ್ಲ. ಹೆಂಡತಿ ಹುಲಿಗೆವ್ವ ಇರುವ ತನಕ ಗೊತ್ತಿತ್ತು. ಅವಳು ಹೊಸ್ತಿಲಲ್ಲಿ ನಿಂತು ಊರನ್ನೆಲ್ಲ ಮೂಸಿ ನನಗೆ ವರದಿ ಒಪ್ಪಿಸುತ್ತಿದ್ದಳು. “ಕೆಳಗಿನ ಓಣ್ಯಾಗ ಯಾರೋ ಶೇಂಗಾ ಹುರಿಯಾಕತ್ತಾರ. ಮಗ್ಗಲ ಮನ್ಯಾಗ ಹಾಲು ಉಕ್ಕೈತಿ, ಇನ್ನ ಸೊಸಿಗೆ ಬೈಗುಳ ಶುರು ನೋಡು. ಮಳಿ ಬರ್ತೈತಿ, ಅರಿವಿ ಒಳಗ ತಗೊ.” ಅವಳು ಹೇಳಿದ ಮೇಲೆ ನನಗೂ ಶೇಂಗಾ ಹುರಿದಂತೆ ಆಗುತ್ತಿತ್ತು, ಬಾಯಲ್ಲಿ ನೀರೂರುತ್ತಿತ್ತು.

ತಲೆ ಎರೆದುಕೊಂಡ ದಿನ ಅವಳು ಬಾಗಿಲು ಮುಂದೆ ಮಾಡಿ, ಕೆಂಡದ ಮೇಲೆ ಒಣಗಿದ ಕಿತ್ತಳೆ ಸಿಪ್ಪೆ ಉದುರಿಸಿ, ಅದರ ಮೇಲೆ ಬಿದಿರುಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕೂದಲು ಹರಡಿಕೊಂಡು ಮಲಗುತ್ತಿದ್ದಳು. ಊರಿನವರೆಲ್ಲ ಲೋಬಾನ ಹಾಕಿಕೊಂಡರೆ ಇವಳಿಗೆ ಸಿಪ್ಪೆಯ ಹೊಗೆಯೇ ಆಗಬೇಕು. ಲೋಬಾನ ಅಂದರೆ ಹೆಣದ ಮನೆ ನೆನಪಾಗುತ್ತದೆ ಅನ್ನುತ್ತಿದ್ದಳು. ಕೂದಲು ಒಣಗಿದ ಮೇಲೆ ಎದ್ದು ಬಂದು, ಒಂದು ಹಿಡಿ ಕೂದಲನ್ನು ನನ್ನ ಮೂಗಿಗೆ ಹಿಡಿದು “ಹೆಂಗೈತಿ?” ಎಂದು ಕೇಳುವಳು. “ಚಲೋ ಐತಿ” ಎನ್ನುತ್ತಿದ್ದೆ. “ಸುಳ್ಳ!” ಎಂದು ಬೆನ್ನಿಗೆ ಗುದ್ದಿ ನಗುವಳು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಸುಳ್ಳು, ಅದೇ ಗುದ್ದು. ಒಂದು ಬೇಸಿಗೆಯಲ್ಲಿ ಎದೆನೋವು ಎಂದು ಮಲಗಿದವಳು ಮತ್ತೆ ಏಳಲಿಲ್ಲ. ಆಮೇಲೆ ಈ ಊರಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ನನಗೆ ಹೇಳುವವರಿಲ್ಲ.

ಅವಳು ಬರುತ್ತಾಳೆಂದು ಕಾದೆ. ಬಂದರೂ ಗೊತ್ತಾಗದ ಗಂಡ ಊರಿಗೆಲ್ಲ ನಾನೊಬ್ಬನೇ. ಅವಳ ತವರಿನವರೂ ಯಾರೂ ಉಳಿದಿರಲಿಲ್ಲ. ಹೊಸದಾಗಿ ವಾಸನೆ ಹತ್ತಿದ ಮರವೆಂದರೆ ಓಡಿಹೋಗಿ, ಅಲ್ಲಿ ಕೂತವರನ್ನು “ನಮ್ಮ ಹುಲಿಗೆವ್ವನ ಹಂಗ ಏನರ ಬರ್ತೈತೇನು?” ಎಂದು ಕೇಳುತ್ತಿದ್ದೆ. ಅವರು ಮುಖ ತಗ್ಗಿಸಿ ಇಲ್ಲ ಎನ್ನುತ್ತಿದ್ದರು. ಕಿತ್ತಳೆ ಸಿಪ್ಪೆಯ ವಿಷಯ ಮಾತ್ರ ನಾನು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಹೇಳಿದ್ದರೆ ಯಾವುದೋ ಮರ ತೋರಿಸಿ “ಹೌದಪ್ಪ, ಸಿಪ್ಪಿ ವಾಸನಿ” ಅಂದುಬಿಡುತ್ತಿದ್ದರು. ನಮ್ಮ ಜನ ಕನಿಕರದಲ್ಲಿ ಬಹಳ ಧಾರಾಳ. ನಾನು ಹೇಳದೆ ಯಾರದಾದರೂ ಬಾಯಿಂದ ಸಿಪ್ಪೆಯ ಮಾತು ಬಂದ ದಿನ ಅದು ಅವಳೇ ಎಂದು ಗುರುತು ಇಟ್ಟುಕೊಂಡಿದ್ದೆ.

ಹಳ್ಳದಾಚೆ, ದೊಡ್ಡ ಬಂಡೆಯ ಪಕ್ಕದ ಮರದ ತುದಿ ಸಪ್ಪಗಾಗಿದೆ ಎಂದು ದನ ಕಾಯುವವರು ಹೇಳಿದರು. ಅತ್ತ ಜನ ಹೋಗುವುದು ಕಡಿಮೆ. ಗುದ್ದಲಿ ಹೆಗಲಿಗಿಟ್ಟು ನೋಡಲು ಹೋದೆ. ಅಲ್ಲಿ ಫಕೀರವ್ವ ಕೂತಿದ್ದಳು, ಮರದ ತೊಗಟೆಗೆ ಹಣೆ ಹಚ್ಚಿ.

ಫಕೀರವ್ವ ಮೇಲಿನ ಓಣಿಯ, ಕಂಬಳಿ ನೇಯುವ ಮನೆಯವಳು. ಗಂಡ ಸತ್ತ ಮೇಲೆ ತವರಿಗೆ ಬಂದು, ತಾಯಿಯಿಲ್ಲದ ತಮ್ಮ ಮಾಳಿಂಗನನ್ನು ಸಾಕಿ, ಮಗ್ಗಕ್ಕೆ ಕೂರಿಸಿ, ಲಗಮವ್ವ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿಸಿದವಳು. ಆ ಮಾಳಿಂಗ ಕಂಬಳಿಯ ಹೊರೆ ಹೊತ್ತು ಕಣಿವೆಯಾಚೆ ಮಾರಲು ಹೋದವನು ಮರಳಿರಲಿಲ್ಲ. ಎಷ್ಟೋ ಮಳೆಗಾಲ ಕಳೆದಿದ್ದವು. ಲಗಮವ್ವ ಇನ್ನೂ ಕೈತುಂಬ ಹಸಿರು ಬಳೆ ಇಟ್ಟುಕೊಂಡು, ಬಾಗಿಲು ಸದ್ದಾದರೆ ಮಗ್ಗದಿಂದ ಎದ್ದು ಬರುತ್ತಿದ್ದಳು.

ಗುದ್ದಲಿ ಹಿಡಿದವನು ಮೊದಲು ಕೇಳಬೇಕಾದ ಮಾತೊಂದಿದೆ. ಕೇಳಿದೆ.

“ಯಾರು ಬಂದಾರ, ಫಕೀರವ್ವ?”

ಅವಳು ಬೆಚ್ಚಿ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೂ ನನ್ನ ಗುದ್ದಲಿಯನ್ನೂ ನೋಡಿದಳು. “ನಿನಗ ಗೊತ್ತಾಗವಲ್ದೇನು?”

“ನನಗ ಹೆಂಗ ಗೊತ್ತಾಗಬೇಕು? ಮೂಗಿದ್ದವರು ನೀವು.”

ಅವಳು ಒಮ್ಮೆ ಊರಿನ ಕಡೆ ತಿರುಗಿ ನೋಡಿದಳು. ಆಮೇಲೆ, “ನಿನ್ನ ಹುಲಿಗೆವ್ವ ಬಂದಾಳ, ಯಮನಪ್ಪಣ್ಣ” ಎಂದಳು.

ನಾನು ನಂಬಲಿಲ್ಲ. ಇದೂ ಕನಿಕರದ ಒಂದು ತುತ್ತು ಎಂದುಕೊಂಡೆ. “ಏನೇನ ಬರ್ತೈತಿ, ಹೇಳು ನೋಡೂಣು” ಎಂದೆ, ಸ್ವಲ್ಪ ಗಡುಸಾಗಿಯೇ.

ಅವಳು ಕಣ್ಣು ಮುಚ್ಚಿದಳು. “ಮಳ್ಯಾಗ ತೊಯ್ದ ಕಂಬಳಿ ಬರ್ತೈತಿ. ಹುಳಿ ಗಂಜಿ ಬರ್ತೈತಿ. ಹರಳೆಣ್ಣಿ. ಮತ್ತ...” ಇಲ್ಲಿ ಅವಳ ಹುಬ್ಬು ಗಂಟಾಯಿತು. “ಮತ್ತ ಒಂದೀಟ, ದೂರದಿಂದ ಬಂದಂಗ, ಕಿತ್ತಳಿ ಸಿಪ್ಪಿ ಸುಟ್ಟಂಗ.”

ಗುದ್ದಲಿಯನ್ನು ಬಂಡೆಗೆ ಒರಗಿಸಿ ಕೂತುಬಿಟ್ಟೆ. ಮರದ ಬುಡದ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಒತ್ತಿಕೊಂಡೆ. ತಣ್ಣಗಿತ್ತು, ಅಷ್ಟೆ. ಆದರೂ ನನ್ನವಳು ಬಂದಿದ್ದಳು. ಅಳು ಬಂತು, ತಡೆಯಲಿಲ್ಲ.

ಅಂದಿನಿಂದ ಮಧ್ಯಾಹ್ನದ ಊಟ ಮುಗಿದದ್ದೇ ನಾನು ಹಳ್ಳ ದಾಟುತ್ತಿದ್ದೆ. ಫಕೀರವ್ವ ನನಗಿಂತ ಮುಂಚೆ ಬಂದಿರುತ್ತಿದ್ದಳು. “ಪಾಪ, ಯಮನಪ್ಪಣ್ಣಗ ವಾಸನಿ ಹೇಳಾಕ ಹೋಗ್ತೇನಿ” ಎಂದು ಮನೆಯಲ್ಲಿ ಹೇಳಿ ಬರುತ್ತಿದ್ದಳಂತೆ. ನಾನು “ಇವತ್ತ ಹೆಂಗದಾಳ?” ಎಂದು ಕೇಳುವುದು, ಅವಳು ಹೇಳುವುದು. ಹೇಳುವುದರಲ್ಲಿ ಅವಳಿಗೆ ಬೇಸರವೇ ಇರಲಿಲ್ಲ. ಕಂಬಳಿ ಅಂದರೆ ಹೊಸದಲ್ಲ, ಎರಡು ಮಳೆಗಾಲ ಕಂಡದ್ದು. ಗಂಜಿ ಅಂದರೆ ತಳ ಹತ್ತುವುದಕ್ಕೆ ಒಂದು ಚೂರು ಮುಂಚೆ ಇಳಿಸಿದ್ದು. ಗಾಳಿ ಬೀಸಿದಾಗ ಬೆವರು, ಮೊದಲು ಉಪ್ಪುಪ್ಪು, ಆಮೇಲೆ ಒಂಥರಾ ಸಿಹಿ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬುತ್ತಿತ್ತು. ಯಾರದೋ ಹೆಂಡತಿಗಾಗಿ ಹೀಗೆ ಅಳುವ ಹೆಂಗಸು ಎಂಥ ಕರುಳಿನವಳಪ್ಪ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಅವಳು ಹೇಳಿದ್ದಕ್ಕೆಲ್ಲ ನನ್ನ ಹತ್ತಿರ ಜಾಗ ಇತ್ತು. ಕಂಬಳಿ ಅಂದರೆ ಹುಲಿಗೆವ್ವ ಹುಲ್ಲಿಗೆ ಹೋಗುವಾಗ ತಲೆಗೆ ಹಾಕುತ್ತಿದ್ದ ಕೊಪ್ಪೆ. ಹುಳಿ ಗಂಜಿ ಅಂದರೆ ಅವಳು ಕಾಯಿಸುತ್ತಿದ್ದ ಅಂಬಲಿ. ಹರಳೆಣ್ಣೆ ಯಾಕೆ ಎಂದು ತಿಳಿಯಲಿಲ್ಲ, ಬಿರಿದ ಹಿಮ್ಮಡಿಗೆ ಹಚ್ಚುತ್ತಿದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಹೊಂದಿಸಬೇಕೆಂದೇ ಕೂತವನಿಗೆ ಯಾವುದು ಹೊಂದುವುದಿಲ್ಲ? ಫಕೀರವ್ವ ಎದ್ದುಹೋದ ಮೇಲೆ ನಾನೊಬ್ಬನೇ ಇದ್ದು ಹುಲಿಗೆವ್ವನಿಗೆ ಮನೆಯ ಸುದ್ದಿ ಹೇಳುತ್ತಿದ್ದೆ. ಸೂರಿನ ಹೆಂಚು ಒಡೆದದ್ದು, ಅವಳ ಬುಟ್ಟಿಯಲ್ಲಿ ಈಗ ಬೆಕ್ಕು ಮರಿ ಹಾಕಿದ್ದು. ಅವಳಿದ್ದಾಗ ಇಷ್ಟು ಮಾತಾಡಿದವನೇ ಅಲ್ಲ ನಾನು. ಆ ದಿನಗಳಲ್ಲಿ ಸುಖವಾಗಿದ್ದೆ, ಹೇಳಿಕೊಳ್ಳಲು ನಾಚಿಕೆ ಏನೂ ಇಲ್ಲ.

ಸೂಜಿ ಕೆಂಪಾಯಿತು. ನಾನು ಗುದ್ದಲಿ ಮುಟ್ಟಲಿಲ್ಲ. ಇಷ್ಟು ಕಾಲ ಊರವರ ತಾಯಿ ತಂದೆ ಮಕ್ಕಳನ್ನೆಲ್ಲ ಹೊತ್ತಿಗೆ ಸರಿಯಾಗಿ ಕಳಿಸಿಕೊಟ್ಟವನು ಈಗ ಇವತ್ತು ಬೆನ್ನುನೋವು, ನಾಳೆ ಗುದ್ದಲಿಯ ಕಾವು ಮುರಿದಿದೆ ಎಂದು ದಿನ ತಳ್ಳಿದೆ. ಪಕ್ಕದ ಮರಗಳ ತುದಿಯೂ ಸಪ್ಪಗಾಗತೊಡಗಿತು. ಕೊನೆಗೆ ಊರಿನ ಹಿರಿಯರಾದ ನಿಂಗನಗೌಡರು ನಾಲ್ಕು ಜನರನ್ನು ಕರೆದುಕೊಂಡು ಮರದ ಹತ್ತಿರವೇ ಬಂದರು.

“ಯಮನಪ್ಪ, ಇದು ಕೆಂಪಾಗಿ ಎಷ್ಟ ದಿನ ಆತೋ?”

“ಕೆಂಪಲ್ರಿ ಗೌಡ್ರ. ಬಿಸಲಿಗೆ ಹಂಗ ಕಾಣ್ತೈತಿ.”

“ಮೂಗಿಲ್ಲಂತ ನಿನಗ ಕೆಲಸ ಕೊಟ್ವಿ. ಈಗ ಕಣ್ಣೂ ಹೋದ್ವೇನು?”

ಬಂದವರು ನಕ್ಕರು. ನನಗೆ ನಗು ಬರಲಿಲ್ಲ. “ಗೌಡ್ರ, ಊರಾಗ ಎಲ್ಲಾರೂ ತಮ್ಮತಮ್ಮವರ ಕೂಡ ಕುಂತು ಮಾತಾಡಿ ಕಳಿಸ್ಯಾರ. ನನಗ ಈಗ ಬಂದಾಳ. ನೀವು ಒಂದ ಉಸರಿಗೆ ತಗೊಳ್ಳೂದನ್ನ ನಾ ಮಾತಿನಾಗ ತಗೋಬೇಕು. ಮೂಗಿಲ್ಲದವನಿಗೆ ಹೊತ್ತು ಹೆಚ್ಚ ಬೇಕ್ರಿ.”

ಗೌಡರು ಮರವನ್ನು ನೋಡಿದರು. ಹತ್ತಿರ ಬಂದು ಮೂಸಲಿಲ್ಲ, ಬೇರೆಯವರ ಮರವನ್ನು ಕರೆಯದೆ ಮೂಸುವುದು ನಮ್ಮಲ್ಲಿ ಮರ್ಯಾದೆಯಲ್ಲ. “ಅಮಾಸಿ ತನಕ” ಎಂದು ಹೇಳಿ ಹೋದರು. ಫಕೀರವ್ವ ಬಂಡೆಯ ಹಿಂದೆ ತಲೆ ತಗ್ಗಿಸಿ ಕೂತಿದ್ದಳು.

ಅಮಾವಾಸ್ಯೆ ಇನ್ನೂ ದೂರವಿದ್ದ ಒಂದು ಮಧ್ಯಾಹ್ನ ಲಗಮವ್ವ ಹಳ್ಳ ದಾಟಿ ಬಂದಳು. ಫಕೀರವ್ವ ರೊಟ್ಟಿ ತಿನ್ನದೆ ಹೊರಟುಬಂದಿದ್ದಳೆಂದು ಬಟ್ಟೆಯಲ್ಲಿ ಕಟ್ಟಿಕೊಂಡು ತಂದಿದ್ದಳು. ಬಂಡೆಯ ಈಚೆ ಬಂದವಳು ಹಾಗೇ ನಿಂತಳು. ಫಕೀರವ್ವ ದಡಬಡ ಎದ್ದು ಅವಳಿಗೆ ಅಡ್ಡ ಹೋದಳು.

“ಅಕ್ಕ,” ಎಂದಳು ಲಗಮವ್ವ, ಬಹಳ ಮೆತ್ತಗೆ, “ಇವ್ರು ಯಾವಾಗ ಬಂದ್ರು?”

“ಏ ಹುಚ್ಚಿ, ಇದು ಯಮನಪ್ಪಣ್ಣನ ಮನಿಯಾಕಿ. ನೀ ಮನಿಗೆ ನಡಿ.”

ಲಗಮವ್ವ ಅವಳನ್ನು ಸರಿಸಿ ಬಂದು ಬುಡದಲ್ಲಿ ಕೂತಳು, ಕೆನ್ನೆಯನ್ನು ತೊಗಟೆಗೆ ಇಟ್ಟಳು. “ಹುಣಸಿಬೀಜದ ಗಂಜಿ. ಮಗ್ಗದ ಹಣಿಗೀಗೆ ಹಚ್ಚೂ ಹರಳೆಣ್ಣಿ. ಮಗ್ಗದಿಂದ ಎದ್ದು ಬಂದಾಗ ಕೈಗೆ ಇದ ಇರ್ತಿತ್ತು. ನನಗ ಗುರುತಾಗೂದಿಲ್ಲೇನಕ್ಕ?”

ಕಂಬಳಿಯ ನೂಲು ಗಟ್ಟಿಯಾಗಲು ಹುಣಸೆಬೀಜದ ಗಂಜಿ ಹಚ್ಚುತ್ತಾರೆಂಬುದು ನಮ್ಮ ಊರಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಲಗಮವ್ವ ಬಳೆಗಳನ್ನು ಒಡೆಯಲಿಲ್ಲ. ಒಂದೊಂದಾಗಿ ಕೈಯಿಂದ ಜಾರಿಸಿ ರೊಟ್ಟಿಯ ಗಂಟಿನ ಪಕ್ಕ ಇಟ್ಟಳು. ಬರಿಗೈಯಲ್ಲಿ ಮರವನ್ನು ತಬ್ಬಿಕೊಂಡಳು.

ಫಕೀರವ್ವ ನನ್ನ ಮುಖ ನೋಡಲಿಲ್ಲ. ನೆಲಕ್ಕೆ ಹೇಳಿದಳು: “ಆಕಿ ಕೈ ಬರಿದಾಗೂದು ನೋಡಾಕ ನನ್ನಿಂದ ಆಗ್ತಿದ್ದಿಲ್ಲ, ಯಮನಪ್ಪಣ್ಣ. ನಿನ್ನ ಹೆಂಡ್ತಿ ಹೆಸರಿನ ಹಿಂದ ಅಡಗಿ ನಿಂತ್ನಿ.”

ಒಂದು ಗಿಡಕ್ಕೆ ಒಬ್ಬರು. ಇದು ಮಾಳಿಂಗನ ಮರವೆಂದ ಮೇಲೆ ಹುಲಿಗೆವ್ವನದಲ್ಲ. ಹಾಗಾದರೆ ಕಿತ್ತಳೆ ಸಿಪ್ಪೆ? ಹಳ್ಳದ ಒಗೆಯುವ ಕಲ್ಲಿನ ಮುಂದೆ ಹೆಂಗಸರು ಏನೇನು ಹೇಳಿಕೊಳ್ಳುವುದಿಲ್ಲ! ಎಂದೋ ಹುಲಿಗೆವ್ವ ಹೇಳಿರಬೇಕು, ಇವಳು ಅದನ್ನು ನೆನಪಿಟ್ಟು ನನ್ನ ಮೂಗಿಗೆ ತುಪ್ಪ ಸವರಿದಳು. ಇರದ ಮೂಗಿಗೆ! ಊರವರು ಕನಿಕರಕ್ಕೆ ಸುಳ್ಳು ಹೇಳಬಾರದೆಂದು ಗುಟ್ಟು ಕಾಪಾಡಿದವನನ್ನು ಇವಳು ಅದೇ ಗುಟ್ಟಿನಿಂದ ಹಿಡಿದಳಲ್ಲ ಎಂದು ಮೈಯೆಲ್ಲ ಉರಿಯಿತು. ಕೇಳಿಬಿಡಬಹುದಿತ್ತು. ಸಿಟ್ಟು ಕೇಳಗೊಡಲಿಲ್ಲ.

ಮರುದಿನ ಬೆಳಿಗ್ಗೆಯೇ ತೋಡಲು ಶುರುಮಾಡಿದೆ. ಯಾವ ಅಗಳನ್ನೂ ಅಷ್ಟು ಬೇಗ ತೋಡಿದವನಲ್ಲ. ಬೇರು ಸೀಳಿದಲ್ಲೆಲ್ಲ ಒಳಗೆ ಕಪ್ಪು ಗೆರೆ, ತೊಗಟೆಯಡಿ ಹುಳ ಕೊರೆದ ಹಾದಿ. ಮಾಳಿಂಗನ ಅಕ್ಕ ಮತ್ತು ಹೆಂಡತಿ ಬಂದು ಸಂಪ್ರದಾಯದಂತೆ ಬುಡದಲ್ಲಿ ಕೂತಿದ್ದರು, ನಾನು ಅವರ ಸುತ್ತ ಮಣ್ಣು ಎಸೆಯುತ್ತ ಬಂದೆ. ಬಂಡೆಯ ಕಡೆಗೆ ತೊಡೆಗಾತ್ರದ ಒಂದು ಬೇರು ಉಳಿದಿತ್ತು. ಕೊಡಲಿ ಹಾಕಿದೆ. ಫಕೀರವ್ವ ಒಮ್ಮೆ ಉಸಿರೆಳೆದುಕೊಂಡಳು, ಇನ್ನೊಮ್ಮೆ ಎಳೆದುಕೊಂಡಳು. “ಹೋದ” ಎಂದಳು. ಲಗಮವ್ವನನ್ನು ಕೈಹಿಡಿದು ಎಬ್ಬಿಸಿ ಅಗಳು ದಾಟಿಸಿಕೊಂಡು ಹೋದಳು. ಆ ವಾರವೇ ಲಗಮವ್ವ ತನ್ನ ತವರಿಗೆ ಹೊರಟಳು, ಮಗ್ಗ ನಿಂತಿತು. ಮರವನ್ನು ಕಡಿದು ಸುಟ್ಟರು.

ಮಳೆಗಾಲವಿಡೀ ನಾನು ಫಕೀರವ್ವನ ಓಣಿಯ ಕಡೆ ತಲೆ ಹಾಕಲಿಲ್ಲ. ಎದುರಿಗೆ ಬಂದರೆ ಗೋಡೆ ನೋಡುತ್ತ ದಾಟಿದೆ. ಅಗಳು ಬೇಕಾದವರು ಕರೆದಾಗ ಹೋದೆ, ತೋಡಿದೆ, ಬಂದೆ. ಹುಲಿಗೆವ್ವ ಬಂದಿದ್ದಾಳೆಯೇ ಎಂದು ಕೇಳುವುದನ್ನೇ ಬಿಟ್ಟೆ. ಆದರೆ ಮಧ್ಯಾಹ್ನದ ಊಟ ಮುಗಿದದ್ದೇ ಕಾಲು ತಾನಾಗಿ ಹಳ್ಳದ ಕಡೆ ತಿರುಗುತ್ತಿತ್ತು. ಮೋಸ ಹೋದದ್ದಕ್ಕಿಂತ, ದಿನವೂ ಯಾರೋ ಒಬ್ಬರು ಕಣ್ಣು ಮುಚ್ಚಿ ನನಗಾಗಿ ಉಸಿರೆಳೆದು ಹೇಳುತ್ತಿದ್ದರಲ್ಲ, ಅದು ನಿಂತದ್ದು ಹೆಚ್ಚು ನೋಯಿಸಿತು.

ಮಳೆ ಬಿಟ್ಟ ಮೇಲೆ ಒಂದು ಸಂಜೆ ಫಕೀರವ್ವ ತಾನೇ ಬಂದು ನಮ್ಮ ಕಟ್ಟೆಯ ತುದಿಗೆ ಕೂತಳು. ನಾನು ಗುದ್ದಲಿಯ ಬಾಯಿ ಉಜ್ಜುತ್ತಿದ್ದೆ, ನಿಲ್ಲಿಸಲಿಲ್ಲ.

“ಬೈಯಾಕರ ಬಾಯಿ ತಗಿ” ಎಂದಳು.

“ಏನ ಬೇಕಾಗಿತ್ತು?”

“ನನ್ನ ತಮ್ಮನ ವಾಸನಿ ಮರತ ಹೋಗೇತಿ, ಯಮನಪ್ಪಣ್ಣ. ಗಂಜಿ ಕಾಸಿ ಮೂಸಿದ್ನಿ, ಬರೇ ಗಂಜಿ. ಅವನ ಕಂಬಳಿ ತೋಯಿಸಿ ಮೂಸಿದ್ನಿ, ಬರೇ ಕಂಬಳಿ. ಬಿಡಿಬಿಡಿ ಎಲ್ಲಾ ಅದಾವ, ಕೂಡಿಸಿದ್ರ ಮಾಳಿಂಗ ಆಗವಲ್ಲ. ನಿನಗ ದಿನಾ ಹೇಳ್ತಿದ್ನಲ್ಲ, ನೀ ಮರತಿರೂದಿಲ್ಲ. ನಾ ಹೇಳಿದ್ದನ್ನ ನನಗ ಹೇಳು.”

ಎದ್ದು ಹೋಗು ಅನ್ನಬೇಕೆಂದಿದ್ದೆ. ಆದರೆ ಮೂಗಿದ್ದವರ ಕಷ್ಟ ನನಗೆ ಗೊತ್ತು. ವಾಸನೆ ಎದುರಿಗೆ ಬಂದಾಗ ಅವರಿಗೆ ಗುರುತಾಗುತ್ತದೆ, ಹೋದ ಮೇಲೆ ಕರೆದರೆ ಬರುವುದಿಲ್ಲ. ನನ್ನ ಹತ್ತಿರ ಇದ್ದದ್ದು ಬರೀ ಮಾತು. ಮಾತು ಇಟ್ಟಲ್ಲೇ ಇತ್ತು. ಗುದ್ದಲಿ ಕೆಳಗಿಟ್ಟು ಹೇಳತೊಡಗಿದೆ.

“ಮಳ್ಯಾಗ ತೊಯ್ದ ಕಂಬಳಿ. ಹೊಸಾದಲ್ಲ, ಎರಡು ಮಳಿಗಾಲ ಕಂಡದ್ದು. ಹುಳಿ ಗಂಜಿ, ತಳ ಹತ್ತೂಕಿನ್ನ ಒಂದ ಚೂರ ಮುಂಚೆ ಇಳಿಸಿದ್ದು. ಹರಳೆಣ್ಣಿ, ಅಂಗೈ ಕಾವಿಗೆ ಬಿಸಿ ಆದದ್ದು. ಗಾಳಿ ಬಿಟ್ರ ಬೆವರು. ಮೊದಲ ಉಪ್ಪುಪ್ಪು, ಆಮ್ಯಾಲ ಒಂದೀಟ ಸಿಹಿ, ದೂರ ನಡದು ಬಂದವರದು ಇರ್ತೈತಲ್ಲ, ಹಂಗ.”

ಅವಳು ಕಣ್ಣು ಮುಚ್ಚಿ ಮೆಲ್ಲಗೆ ತೂಗುತ್ತಿದ್ದಳು. “ಬಂದ” ಎಂದಳು. “ಹಾಂ, ಬಂದ, ಬಂದ.” ಅವಳ ಮುಖ ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ಹೇಳುವ ಭರದಲ್ಲಿ ಬಾಯಿ ತಾನಾಗಿ ಮುಂದುವರಿಯಿತು: “ಮತ್ತ ಒಂದೀಟ, ದೂರದಿಂದ ಬಂದಂಗ, ಕಿತ್ತಳಿ ಸಿಪ್ಪಿ ಸುಟ್ಟಂಗ.”

ಅವಳು ಕಣ್ಣು ಬಿಟ್ಟಳು. “ಅದೊಂದು ಬಿಡು.”

“ಯಾಕ ಬಿಡೂದು? ನನಗ ನೀ ಹಾಕಿದ ಗಾಳ ಅಲ್ಲೇನು ಅದು?”

“ಎಂಥಾ ಗಾಳ? ಅದು ನಮ್ಮ ಮನೀದಲ್ಲ. ಕಣಿವಿ ಆಚೆ ಯಾವಳದೋ ಮನ್ಯಾಗ ಇದ್ದಿರಬೇಕು ಅಂವ, ಆಕಿ ಸುಡ್ತಿದ್ದಿರಬೇಕು ಅಂತ ನನ್ನ ಹೊಟ್ಟಿ ಉರೀತಿತ್ತು. ಲಗಮವ್ವಗ ಗೊತ್ತಾದ್ರ ಹೆಂಗಂತ ಅಂಜಿದ್ನಿ. ಅವತ್ತ ನಿನ್ನ ಮುಂದ ಬಾಯಿ ತಪ್ಪಿ ಬಂತು. ಹುಲಿಗೆವ್ವಗೆಲ್ಲಿ ಕಿತ್ತಳಿ ಸಿಪ್ಪಿ, ಸಿಕ್ಕಿಬಿದ್ನಿ ಅಂದ್ಕೊಂಡ್ನಿ. ನೀ ನೋಡಿದ್ರ ನಂಬಿ ಅಳಕೋತ ಕುಂತಿ. ಯಾಕ ನಂಬಿದಿ ಅಂತ ನನಗ ಇವತ್ತಿಗೂ ತಿಳಿದಿಲ್ಲ.”

“ಹುಲಿಗೆವ್ವ ನಿನಗ ಹೇಳಿದ್ದಿಲ್ಲೇನು? ಹಳ್ಳದಾಗ, ಒಗಿಯೂ ಮುಂದ?”

“ಏನ ಹೇಳ್ತಾಳ? ಆಕಿ ಕೆಳಗಿನ ಕಲ್ಲಿಗೆ ಒಗಿಯಾಕಿ, ನಾ ಮ್ಯಾಲಿನ ಕಲ್ಲಿಗೆ. ಆಕಿ ಕೂಡ ಕುಂತು ಮಾತಾಡಿದ್ದ ಇಲ್ಲ ನಾ.”

ಕಟ್ಟೆಯಿಂದ ಹಳ್ಳದಾಚೆಯ ಗುಡ್ಡ ಕಾಣುತ್ತದೆ. ಬಂಡೆಯ ಪಕ್ಕ ಮರ ಇದ್ದ ಜಾಗ ಖಾಲಿಯಿತ್ತು. ಅದನ್ನೇ ನೋಡುತ್ತ ಕೂತೆ. ಒಂದು ಗಿಡಕ್ಕೆ ಒಬ್ಬರು ಎಂದು ಮೊದಲು ಹೇಳಿದವನು ಯಾರೋ, ಗಿಡವನ್ನು ಕೇಳಿ ಹೇಳಿರಲಿಕ್ಕಿಲ್ಲ. ಅವಳು ಬಂದಿದ್ದಳು. ಯಾರದೋ ತಮ್ಮನ ಕಂಬಳಿಯ ಮರೆಯಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು, ಮಧ್ಯಾಹ್ನವಿಡೀ ನನ್ನ ಪಕ್ಕದಲ್ಲೇ ಇದ್ದಳು. ಹೆಂಚು ಒಡೆದದ್ದು, ಬೆಕ್ಕು ಮರಿ ಹಾಕಿದ್ದು ಎಲ್ಲ ಕೇಳಿಸಿಕೊಂಡಿದ್ದಳು. ಆ ಕೊನೆಯ ಬೇರನ್ನು ಕಡಿದದ್ದು ನಾನು. ಫಕೀರವ್ವ ‘ಹೋದ’ ಎಂದಾಗ ಹೋದವರು ಇಬ್ಬರು, ಒಬ್ಬಳಿಗೆ ಹೋಗಿ ಬಾ ಅನ್ನುವವರೂ ಇರಲಿಲ್ಲ.

ಫಕೀರವ್ವನಿಗೆ ಎಲ್ಲ ಹೇಳಿದೆ. ಕೆಂಡ, ಬುಟ್ಟಿ, ಬುಟ್ಟಿಯ ಮೇಲೆ ಹರಡಿದ ಕೂದಲು, ನನ್ನ ಬೆನ್ನಿಗೆ ಬೀಳುತ್ತಿದ್ದ ಗುದ್ದು. ಅವಳು ಮೂಗಿನ ಮೇಲೆ ಬೆರಳಿಟ್ಟು ಕೇಳಿದಳು. ಆಮೇಲೆ ಬೆರಳು ಬಾಯಿಗೆ ಜಾರಿತು, ಸೆರಗು ಕಚ್ಚಿ ಅತ್ತಳು. ಈ ಸಲ ಅವಳು ಅತ್ತದ್ದು ನನ್ನ ಹೆಂಡತಿಗಾಗಿಯೇ.

ಕೇಳಬೇಕಾದ್ದು ನನಗೆ ಇನ್ನೊಂದೇ ಇತ್ತು.

“ಹೆಂಗಿತ್ತು, ಫಕೀರವ್ವ?”

ಅವಳು ಕಣ್ಣು ಮುಚ್ಚಿದಳು. ಉಸಿರು ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ಬಹಳ ಹೊತ್ತು ಹುಡುಕಿದಳು. ಏನೂ ಬರುತ್ತಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದಳು.

“ಚಲೋ ಇತ್ತು” ಎಂದಳು.

ಸುಳ್ಳೆಂದು ನನಗೆ ಗೊತ್ತಿತ್ತು. “ಇನ್ನೊಮ್ಮೆ ಹೇಳು” ಎಂದೆ.